ಸಿಂಥೆಟಿಕ್ ಆಯಿಲ್ ಹಾಕಿದರೆ ಎಷ್ಟು ದಿನ ಬದಲಿಸದೆ ಓಡಿಸಬಹುದು?



ಹಾಲು ಕೆಡುವುದು ಗಂಟೆಗಳ ಲೆಕ್ಕದಲ್ಲಿ. ಸಂಘದಿಂದ ಹೊರಟ ವಾಹನ ದಾರಿಯಲ್ಲಿ ನಿಂತರೆ, ಇಲ್ಲವೇ ಕರೆಂಟು ಹೋದಾಗ ಬಲ್ಕ್ ಕೂಲರಿನ ಜನರೇಟರ್ ಚಾಲೂ ಆಗದಿದ್ದರೆ, ಊರಿನವರ ಒಂದು ಹೊತ್ತಿನ ಹಾಲು ಹೋದಂತೆಯೇ. ಆದ್ದರಿಂದ ಇಂಜಿನ್ ಆಯಿಲಿನ ವಿಚಾರ ಡ್ರೈವರಿನದು ಮಾತ್ರವಲ್ಲ, ಎಲ್ಲ ಸದಸ್ಯರದೂ ಹೌದು.

ಸಿಂಥೆಟಿಕ್ ಆಯಿಲ್ ಹಾಕಿದರೆ ದುಪ್ಪಟ್ಟು ಕಿಲೋಮೀಟರ್ ಓಡಿಸಬಹುದು ಎಂಬ ಮಾತು ಕೇಳಿಬರುತ್ತದೆ. ಇದು ಅರ್ಧ ನಿಜ.

ಸಿಂಥೆಟಿಕ್ ಎಂದರೇನು?

ಸಾಧಾರಣ ಆಯಿಲನ್ನು ಕಚ್ಚಾ ತೈಲದಿಂದ ಶುದ್ಧೀಕರಿಸಿ ತೆಗೆಯುತ್ತಾರೆ. ಸಿಂಥೆಟಿಕಿನಲ್ಲಿ ಅಣುಗಳನ್ನು ರಾಸಾಯನಿಕ ಕ್ರಿಯೆಯಿಂದ ಹೆಚ್ಚು ಕಡಿಮೆ ಒಂದೇ ಅಳತೆಗೆ ಕಟ್ಟಿರುತ್ತಾರೆ. ಹೀಗಾಗಿ ಅದು ಕಾವಿಗೆ ಬೇಗ ತೆಳ್ಳಗಾಗದು, ಬೇಗ ಹಳಸದು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಇದು ಒಳ್ಳೆಯ ಗುಣವೇ. ಆದರೆ ಹೆಸರೊಂದನ್ನೇ ನಂಬಬಾರದು. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಕಂಪನಿಗಳ ಜಾಹೀರಾತು ವಿವಾದ ತೀರ್ಮಾನವಾದ ಮೇಲೆ, ಹೆಚ್ಚು ಸಂಸ್ಕರಿಸಿದ ಕಚ್ಚಾ ತೈಲದ ಆಯಿಲನ್ನೂ ಸಿಂಥೆಟಿಕ್ ಎಂದು ಮಾರುವುದು ರೂಢಿಗೆ ಬಂತು. ಅದು ಕೆಟ್ಟದ್ದೆಂದಲ್ಲ. ಡಬ್ಬಿಯ ಮೇಲಿನ ದೊಡ್ಡ ಅಕ್ಷರಕ್ಕಿಂತ ಹಿಂಬದಿಯ ಸಣ್ಣ ಅಕ್ಷರ ಮುಖ್ಯ ಎಂದರ್ಥ.

ನಮ್ಮ ಶತ್ರು ಧೂಳು

ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆಗಳ ಕೆಂಧೂಳು, ಕಂಪ್ಲಿಯ ಗದ್ದೆ ದಾರಿಯ ಮಣ್ಣು, ಹಂಪಿ ಸುತ್ತಿನ ಕಲ್ಲು ಪುಡಿ ಏರ್ ಫಿಲ್ಟರ್ ಸಡಿಲವಿದ್ದರೆ ಇಂಜಿನ್ನಿಗೆ ನುಗ್ಗುತ್ತವೆ. ಇವುಗಳಲ್ಲಿನ ಗಟ್ಟಿ ಕಣಗಳು ಪಿಸ್ಟನ್ ರಿಂಗು, ಲೈನರುಗಳನ್ನು ಉಜ್ಜಿ ಸವೆಸುತ್ತವೆ. ಅತಿ ಸಣ್ಣ ಕಣಗಳು ಆಯಿಲ್ ಫಿಲ್ಟರಿಗೂ ಸಿಗುವುದಿಲ್ಲ. ಆಯಿಲ್ ಎಷ್ಟೇ ದುಬಾರಿಯಾಗಿರಲಿ, ಅದರೊಳಗಿನ ಕೊಳೆ ಹೊರಹೋಗುವುದು ಆಯಿಲ್ ಬದಲಿಸಿದಾಗಲೇ.

ಗಮನಿಸಬೇಕಾದ ಅಂಶಗಳು

1. ವಾಹನದ ಕೈಪಿಡಿಯಲ್ಲಿ ಧೂಳಿನ ರಸ್ತೆ, ಹೆಚ್ಚು ಭಾರಕ್ಕೆ ಬೇರೆ ಅವಧಿ ಕೊಟ್ಟಿದ್ದರೆ ನಮಗೆ ಅನ್ವಯಿಸುವುದು ಅದೇ. ಉದಾಹರಣೆಗೆ, ಆ ಅವಧಿ 3000 ಕಿ.ಮೀ. ಇದ್ದು, ಬೈಕು ದಿನಕ್ಕೆ 50 ಕಿ.ಮೀ. ಓಡಿದರೆ 60 ದಿನಕ್ಕೇ ಬದಲಾವಣೆ ಬರುತ್ತದೆ.

2. ಕೈಪಿಡಿ ಹೇಳಿದ ದರ್ಜೆಯನ್ನೇ ಕೊಳ್ಳಿರಿ. ಡೀಸೆಲ್ ಇಂಜಿನ್ನಿಗೆ 15ಡಬ್ಲ್ಯು-40 ಎಂದಿದ್ದರೆ ಅದನ್ನೇ. ಕ್ಲಚ್ಚು ಆಯಿಲಿನಲ್ಲೇ ಮುಳುಗಿರುವ ಬೈಕಿಗೆ ಜಾಸೊ ಎಂಎ ಅಥವಾ ಎಂಎ2 ಗುರುತು ಇರಲಿ; ಕಾರಿನ ಆಯಿಲ್ ಹಾಕಿದರೆ ಕ್ಲಚ್ಚು ಜಾರಬಹುದು.

3. ಜನರೇಟರಿಗೆ ಕಿಲೋಮೀಟರ್ ಇಲ್ಲ, ಗಂಟೆಯ ಲೆಕ್ಕ. ಗಂಟೆ ತುಂಬದಿದ್ದರೂ ಕೈಪಿಡಿಯ ತಿಂಗಳು ತುಂಬಿದರೆ ಬದಲಿಸಿರಿ.

4. ಬಣ್ಣ ನೋಡಿ ತೀರ್ಮಾನಿಸಬೇಡಿ. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಆಯಿಲೂ ಬೇಗ ಕಪ್ಪಾಗುತ್ತದೆ. ಅದು ಮಸಿಯನ್ನು ಹಿಡಿದಿಟ್ಟ ಗುರುತು. ಆದರೆ ಹಾಲಿನ ಚಹಾದಂತೆ ಕಂಡರೆ ನೀರು ಸೇರಿದೆ. ಇಂಜಿನ್ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿರಿ.

5. ಅವಧಿ ಹೆಚ್ಚಿಸಲೇಬೇಕೆಂದರೆ ಬಳಸಿದ ಆಯಿಲಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿರಿ. ಫ್ಯಾಟ್ ನೋಡದೆ ಹಾಲಿಗೆ ದರ ಕಟ್ಟುವುದಿಲ್ಲ ತಾನೇ?

ಸುಟ್ಟ ಆಯಿಲ್

ತೆಗೆದ ಆಯಿಲನ್ನು ದನಗಳ ಗಾಯಕ್ಕೆ, ಕೊಂಬಿಗೆ ಹಚ್ಚಲೇಬೇಡಿ. ಅದರಲ್ಲಿ ಲೋಹದ ಕಣ ಮತ್ತು ವಿಷವಸ್ತುಗಳಿರುತ್ತವೆ. ದನ ನೆಕ್ಕಿದರೆ ಅಪಾಯ. ಕಾಲುವೆಗೆ ಸುರಿಯಬೇಡಿ, ಆ ನೀರನ್ನೇ ನಮ್ಮ ರಾಸುಗಳು ಕುಡಿಯುತ್ತವೆ. 2016ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ; ಅಧಿಕೃತ ಸಂಗ್ರಹಕಾರರಿಗೆ ತಲುಪಿಸುವ ಗ್ಯಾರೇಜಿಗೆ ಕೊಡಿರಿ. ಖಾಲಿ ಆಯಿಲ್ ಡಬ್ಬಿಯನ್ನು ಎಷ್ಟೇ ತೊಳೆದರೂ ಹಾಲಿಗೆ ಬಳಸಬೇಡಿ.

ಆಯಿಲ್ ಬದಲಿಸಿದ ದಿನಾಂಕ, ಕಿಲೋಮೀಟರ್ ಅಥವಾ ಗಂಟೆಯನ್ನು ಸಂಘದ ಪುಸ್ತಕದಲ್ಲಿ ಬರೆದಿಡುವ ರೂಢಿ ಮಾಡಿಕೊಳ್ಳಿರಿ.