ಹಂದಿಯನ್ನು ಬೇಗ ಕೊಲ್ಲದ ವೈರಸ್

ಆಫ್ರಿಕಾದ ಹುಲ್ಲುಗಾವಲಿನಲ್ಲಿ ವಾರ್ಟ್‌ಹಾಗ್ ಎಂಬ ಕಾಡುಹಂದಿ ನೆಲದ ಬಿಲದಲ್ಲಿ ಮರಿ ಹಾಕುತ್ತದೆ. ಆ ಬಿಲದ ಗೋಡೆಯ ಬಿರುಕುಗಳಲ್ಲಿ ಮೆತ್ತನೆ ಮೈಯ ಒಂದು ಜಾತಿಯ ಉಣುಗು ಇರುತ್ತದೆ. ನಮ್ಮ ಮಲೆನಾಡಿನ ಉಣುಗಿನ ಹಾಗೆ ಅದು ದಿನಗಟ್ಟಲೆ ಮೈಗೆ ಕಚ್ಚಿಕೊಂಡಿರುವುದಿಲ್ಲ. ಮರಿ ಮಲಗಿದಾಗ ಬಂದು, ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ತುಂಬ ರಕ್ತ ಹೀರಿ, ಮತ್ತೆ ಬಿರುಕು ಸೇರಿಕೊಳ್ಳುತ್ತದೆ. ಹುಟ್ಟಿದ ಕೆಲವೇ ವಾರಗಳಲ್ಲಿ ಮರಿಗೆ ಈ ಉಣುಗಿನಿಂದ ಒಂದು ವೈರಸ್ ದಾಟುತ್ತದೆ. ಎರಡು ಮೂರು ವಾರ ಅದು ಮರಿಯ ರಕ್ತದಲ್ಲಿ ಓಡಾಡುತ್ತದೆ. ಆಗ ಕಚ್ಚಿದ ಉಣುಗುಗಳಿಗೂ ಸೋಂಕು ಅಂಟುತ್ತದೆ. ಆಮೇಲೆ ದುಗ್ಧಗ್ರಂಥಿಗಳಲ್ಲಿ ಸ್ವಲ್ಪ ಉಳಿದುಕೊಂಡು ತಣ್ಣಗಾಗುತ್ತದೆ. ಮರಿ ಕಾಯಿಲೆ ಬೀಳುವುದಿಲ್ಲ, ಎಂದಿನಂತೆ ಬೆಳೆಯುತ್ತದೆ. ಉಣುಗುಗಳಲ್ಲಾದರೋ ವೈರಸ್ ವರ್ಷಗಟ್ಟಲೆ ಬದುಕುತ್ತದೆ. ಕೂಡುವಾಗ ಗಂಡಿನಿಂದ ಹೆಣ್ಣಿಗೆ, ತಾಯಿಯಿಂದ ಮೊಟ್ಟೆಗೆ ಸಾಗುತ್ತದೆ.

ಇದೇ ವೈರಸ್ ಸಾಕುಹಂದಿಯ ಮೈಗೆ ಹೊಕ್ಕರೆ ಕಥೆ ಬೇರೆ. ನಲವತ್ತೊಂದು, ನಲವತ್ತೆರಡು ಡಿಗ್ರಿ ಜ್ವರ, ನೀಲಿಗಟ್ಟುವ ಕಿವಿ, ಒಳಗೆಲ್ಲ ರಕ್ತಸ್ರಾವ. ತೀವ್ರ ತಳಿಯಾದರೆ ಹೆಚ್ಚುಕಡಿಮೆ ಎಲ್ಲ ಹಂದಿಗಳೂ ಒಂದೆರಡು ವಾರದಲ್ಲಿ ಸಾಯುತ್ತವೆ. ಕೀನ್ಯಾದಲ್ಲಿ ಬಿಳಿಯ ವಲಸಿಗರು ತಂದು ಸಾಕಿದ ಹಂದಿಗಳು ಹೀಗೆ ಸತ್ತದ್ದನ್ನು ಪಶುವೈದ್ಯ ಮಾಂಟ್‌ಗೊಮರಿ 1921ರಲ್ಲಿ ಮೊದಲ ಬಾರಿಗೆ ವಿವರವಾಗಿ ಬರೆದ. ಅದೇ ಆಫ್ರಿಕನ್ ಹಂದಿ ಜ್ವರ. ಮನುಷ್ಯರಿಗೆ ಇದು ತಗಲುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ನಮ್ಮಲ್ಲಿ ಎಚ್1ಎನ್1 ಜ್ವರಕ್ಕೂ ಇದಕ್ಕೂ ಗೊಂದಲ ಮಾಡಿಕೊಳ್ಳುವವರು ಇದ್ದಾರೆ.

ಕೋವಿಡ್ ಕಾಲದಿಂದ ಒಂದು ಮಾತು ಎಲ್ಲರ ಬಾಯಲ್ಲೂ ಇದೆ: ಯಾವ ವೈರಸ್ಸೂ ಕಾಲ ಕಳೆದಂತೆ ಸೌಮ್ಯವಾಗುತ್ತದೆ, ಆಶ್ರಯ ಕೊಟ್ಟ ಜೀವವನ್ನೇ ಕೊಂದರೆ ಅದಕ್ಕೇನು ಲಾಭ ಎಂದು. ವಾರ್ಟ್‌ಹಾಗ್ ಬಿಲದೊಳಗೆ ನೋಡಿದರೆ ಆ ಮಾತು ನಿಜವೆನಿಸುತ್ತದೆ. ಆದರೆ ಕಳೆದ ಆರು ದಶಕಗಳಲ್ಲಿ ಈ ವೈರಸ್ ಸಾಕುಹಂದಿಗಳಲ್ಲಿ ಪಟ್ಟ ಮಾರ್ಪಾಡುಗಳನ್ನು ಓದುತ್ತಾ ಹೋದ ಹಾಗೆ, ಈ ಸಮಾಧಾನ ಎಷ್ಟು ಅಪಾಯಕಾರಿ ಎಂದು ನನಗೆ ಮನವರಿಕೆಯಾಗಿದೆ. ಹಂದಿ ಸಾಕುವವರ ಮಟ್ಟಿಗೆ ಸೌಮ್ಯವಾದ ವೈರಸ್ ಉಗ್ರವಾದದ್ದಕ್ಕಿಂತ ಕೆಟ್ಟದ್ದು.

ಮೊದಲು ವೈರಸ್ಸಿನ ಒಡಲನ್ನು ನೋಡೋಣ. ಫ್ಲೂ ವೈರಸ್ಸಿನ ವಂಶವಾಹಿ ಬರಹದಲ್ಲಿ ಸುಮಾರು 13,500 ಅಕ್ಷರಗಳಿದ್ದರೆ, ಕೊರೊನಾದಲ್ಲಿ 30,000ದಷ್ಟು. ಆಫ್ರಿಕನ್ ಹಂದಿ ಜ್ವರದ ವೈರಸ್ಸಿನಲ್ಲಿ ಇವು 1,70,000ದಿಂದ 1,90,000ದವರೆಗೆ ಇವೆ, ಜೀನ್‌ಗಳು ನೂರೈವತ್ತಕ್ಕೂ ಹೆಚ್ಚು. ಅದೂ ಡಿಎನ್‌ಎ. ಉಣುಗು ಸೊಳ್ಳೆಗಳ ಮೂಲಕ ಹರಡುವ ವೈರಸ್‌ಗಳ ಪೈಕಿ ಡಿಎನ್‌ಎ ಇರುವುದು ಗೊತ್ತಿರುವಂತೆ ಇದೊಂದೇ. ಫ್ಲೂ ವೈರಸ್ಸಿನಂತೆ ಅಕ್ಷರ ಅಕ್ಷರವಾಗಿ ವೇಗದಲ್ಲಿ ಬದಲಾಗುವ ಸ್ವಭಾವ ಇದಕ್ಕಿಲ್ಲ. ಇದರ ಮಾರ್ಪಾಡು ಹೆಚ್ಚಾಗಿ ಜೀನ್‌ಗಳನ್ನೇ ಕಳೆದುಕೊಳ್ಳುವುದರಲ್ಲಿ, ಗಳಿಸುವುದರಲ್ಲಿ, ಇನ್ನೊಂದು ತಳಿಯೊಡನೆ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದರಲ್ಲಿ ನಡೆಯುತ್ತದೆ. ಡಿಎನ್‌ಎಯ ಎರಡೂ ತುದಿಗಳಲ್ಲಿ ಒಂದೇ ಬಗೆಯ ಜೀನ್‌ಗಳ ಗುಂಪುಗಳಿವೆ. ದೇಹದ ಮೊದಲ ಎಚ್ಚರಿಕೆಯ ಗಂಟೆಯಾದ ಇಂಟರ್‌ಫೆರಾನನ್ನು ಅದುಮಿಡುವುದು ಅವುಗಳ ಕೆಲಸ. ಹಂದಿಯ ರಕ್ಷಣಾ ಕೋಶಗಳ ಮೇಲಿರುವ ಒಂದು ಪ್ರೋಟೀನನ್ನೇ ಹೋಲುವ ಸಿಡಿ2ವಿ ಎಂಬ ಪ್ರೋಟೀನನ್ನೂ ವೈರಸ್ ತಯಾರಿಸಿಕೊಳ್ಳುತ್ತದೆ. ಸೋಂಕಿತ ಕೋಶದ ಸುತ್ತ ಕೆಂಪು ರಕ್ತಕಣಗಳು ಮುತ್ತಿ ಅಂಟಿಕೊಳ್ಳುವುದು ಇದರಿಂದಲೇ. ಪ್ರಯೋಗಾಲಯದಲ್ಲಿ ರೋಗ ಗುರುತಿಸುವ ಹಳೆಯ ವಿಧಾನ ಈ ಅಂಟುವಿಕೆಯನ್ನೇ ನೆಚ್ಚಿಕೊಂಡಿತ್ತು.

1957ರಲ್ಲಿ ವೈರಸ್ ಆಫ್ರಿಕಾದಿಂದ ಲಿಸ್ಬನ್‌ಗೆ ಬಂತು. ಆ ಸಲ ಹತೋಟಿಗೆ ಬಂದರೂ 1960ರಲ್ಲಿ ಮರಳಿ ಬಂದು ಪೋರ್ಚುಗಲ್, ಸ್ಪೇನ್‌ಗಳಲ್ಲಿ ಮೂರು ದಶಕಕ್ಕೂ ಹೆಚ್ಚು ನೆಲೆಯೂರಿತು. ಅಲ್ಲಿನ ಹಳೆಯ ಹಂದಿ ಗೂಡುಗಳ ಗೋಡೆಗಳಲ್ಲೂ ಮೆತ್ತನೆ ಮೈಯ ಉಣುಗು ಇತ್ತು. ಬೇರೆ ಜಾತಿಯದಾದರೂ ವೈರಸ್ಸಿಗೆ ಅದು ಒಗ್ಗಿತು. ಅರವತ್ತರ ದಶಕದ ಆರಂಭದಲ್ಲಿ ಪ್ರಯೋಗಾಲಯದಲ್ಲಿ ದುರ್ಬಲಗೊಳಿಸಿದ ವೈರಸ್ಸನ್ನೇ ಲಸಿಕೆಯೆಂದು ಲಕ್ಷಾಂತರ ಹಂದಿಗಳಿಗೆ ಚುಚ್ಚಿದರು. ಅನೇಕ ಹಂದಿಗಳಿಗೆ ನ್ಯುಮೋನಿಯಾ ಬಂತು, ಕಾಲು ಕುಂಟಾಯಿತು, ಗರ್ಭ ಇಳಿಯಿತು, ಚರ್ಮ ಹುಣ್ಣಾಯಿತು. ಸತ್ತವೂ ಕಡಿಮೆಯಲ್ಲ. ಆಮೇಲೆ ಆ ಪ್ರದೇಶದಲ್ಲಿ ಹಂದಿಯನ್ನು ಕೊಲ್ಲದೆ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುವ ಮಂದ ತಳಿಗಳು ಕಾಣಿಸಿಕೊಂಡವು. ಒಂದು 1968ರಲ್ಲಿ ದೀರ್ಘಕಾಲ ಕಾಯಿಲೆ ಬಿದ್ದ ಹಂದಿಯಲ್ಲಿ ಸಿಕ್ಕಿತು, ಇನ್ನೊಂದು 1988ರಲ್ಲಿ ಪೋರ್ಚುಗಲ್‌ನ ಓರಿಕೆಯಲ್ಲಿ ಉಣುಗಿನಲ್ಲಿ. ಎರಡರ ಸುತ್ತಲೂ ರಕ್ತಕಣಗಳು ಅಂಟುತ್ತಿರಲಿಲ್ಲ.

ಈ ಎರಡು ತಳಿಗಳ ಹೆಸರು ಮತ್ತೆ ಕೇಳಿಬರುವುದು ಬಹಳ ದೂರದಲ್ಲಿ, ಚೀನಾದಲ್ಲಿ.

2007ರಲ್ಲಿ ಜಾರ್ಜಿಯಾ ದೇಶದ ಪೋಟಿ ಬಂದರಿನ ಸುತ್ತ ಬೇರೊಂದು ವಂಶದ ವೈರಸ್, ಎರಡನೇ ಜೀನೋಟೈಪ್, ಕಾಣಿಸಿಕೊಂಡಿತು. ಹಡಗಿನಿಂದ ಇಳಿಸಿದ ಮುಸುರೆಯನ್ನು ಹಂದಿಗಳು ತಿಂದವು ಎಂಬುದು ಎಲ್ಲರೂ ಒಪ್ಪುವ ಊಹೆ. ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲೂ ತಿಂಗಳುಗಟ್ಟಲೆ ಬದುಕುವ ವೈರಸ್ಸಿಗೆ ಮುಸುರೆಗಿಂತ ಒಳ್ಳೆಯ ವಾಹನವಿಲ್ಲ. ಅಲ್ಲಿಂದ ರಷ್ಯಾ, 2014ಕ್ಕೆ ಬಾಲ್ಟಿಕ್ ದೇಶಗಳು, 2018ರ ಆಗಸ್ಟ್‌ನಲ್ಲಿ ಚೀನಾದ ಶೆನ್ಯಾಂಗ್. ಜಗತ್ತಿನ ಅರ್ಧದಷ್ಟು ಹಂದಿಗಳಿದ್ದ ದೇಶ ಅದು. ಮುಂದಿನ ವರ್ಷ ಅಲ್ಲಿನ ಹಂದಿಗಳ ಸಂಖ್ಯೆ ಸುಮಾರು ಶೇ 40ರಷ್ಟು ಕುಸಿಯಿತು.

ಇಷ್ಟು ದೊಡ್ಡ ಸಂಖ್ಯೆಯ ಹೊಸ ಆಶ್ರಯಗಳು ಸಿಕ್ಕಿದ ಮೇಲೆ ಜೀನ್‌ಗಳು ಉದುರತೊಡಗಿದವು. ಎಸ್ಟೋನಿಯಾದಲ್ಲಿ ಒಂದು ತುದಿಯ ದೊಡ್ಡ ತುಂಡನ್ನೇ ಕಳೆದುಕೊಂಡ ವೈರಸ್ ಸಿಕ್ಕಿತು. 2017ರಲ್ಲಿ ಲಾಟ್ವಿಯಾದಲ್ಲಿ ಬೇಟೆಗೆ ಸಿಕ್ಕಿದ ಒಂದು ಕಾಡುಹಂದಿಯಲ್ಲಿ ಸಿಡಿ2ವಿ ಜೀನ್ ಕೆಟ್ಟುಹೋದ ವೈರಸ್ ಇತ್ತು. ಅದನ್ನು ಸಾಕುಹಂದಿಗೆ ಕೊಟ್ಟು ನೋಡಿದರೆ ಕಾಯಿಲೆಯ ಲಕ್ಷಣ ಕಂಡೂ ಕಾಣದಂತಿತ್ತು. ಚೀನಾದಲ್ಲೂ 2020ರ ಹೊತ್ತಿಗೆ ಇಂಥ ಮಂದ ತಳಿಗಳು ಕಂಡವು. ಇಲ್ಲಿಯೇ ಸಮಸ್ಯೆ ಇರುವುದು. ಉಗ್ರ ತಳಿ ಬಂದ ಶೆಡ್‌ನಲ್ಲಿ ಸಾವೇ ಸುದ್ದಿ ಕೊಡುತ್ತದೆ. ಡಾಕ್ಟರು ಬರುತ್ತಾರೆ, ಸಾಗಾಟ ನಿಲ್ಲುತ್ತದೆ. ಮಂದ ತಳಿ ಬಂದ ಶೆಡ್‌ನಲ್ಲಿ ಒಂದೆರಡು ಹಂದಿ ಮೇವು ಬಿಡುತ್ತವೆ, ಒಂದರ ಕೀಲು ಊದುತ್ತದೆ, ಒಂದು ಗರ್ಭ ಇಳಿಯುತ್ತದೆ. ಸಾಕಿದವನು ಇಂಜೆಕ್ಷನ್ ಹಾಕಿಸಿ ಮುಂದಿನ ವಾರ ಸಂತೆಗೆ ಹೊಡೆಯುತ್ತಾನೆ. ವೈರಸ್ ಬದುಕುಳಿದು ಹರಡಲು ಇದಕ್ಕಿಂತ ಅನುಕೂಲ ಬೇಕೇ?

2021ರಲ್ಲಿ ಚೀನಾದ ಹೆನಾನ್, ಶಾನ್‌ಡಾಂಗ್ ಪ್ರಾಂತ್ಯಗಳಲ್ಲಿ ಒಂದನೇ ಜೀನೋಟೈಪಿನ ಮಂದ ವೈರಸ್ ಪತ್ತೆಯಾಯಿತು. ಜೀನ್‌ಗಳನ್ನು ಓದಿದರೆ ದಶಕಗಳ ಹಿಂದಿನ ಆ ಪೋರ್ಚುಗೀಸ್ ತಳಿಗಳಿಗೆ ತೀರ ಹತ್ತಿರ. ಒಂದೇ ದೇಶದಲ್ಲಿ ಎರಡು ವಂಶಗಳು ಸೇರಿದವು. ಒಂದೇ ಹಂದಿಯ ಒಂದೇ ಕೋಶಕ್ಕೆ ಎರಡೂ ಹೊಕ್ಕಾಗ ಡಿಎನ್‌ಎ ತುಂಡುಗಳು ಅದಲುಬದಲಾದವು. 2021–22ರಲ್ಲಿ ಸಂಗ್ರಹಿಸಿದ, 2023ರಲ್ಲಿ ಪ್ರಕಟವಾದ ಆ ಮಿಶ್ರ ವೈರಸ್‌ಗಳಲ್ಲಿ ಸುಮಾರು ಅರ್ಧ ಒಂದನೇ ವಂಶದ್ದು, ಅರ್ಧ ಎರಡನೆಯದು. ಉಗ್ರತೆಗೆ ಬೇಕಾದ ಜೀನ್‌ಗಳು ಮಾತ್ರ ಎರಡನೆಯದರಿಂದ ಬಂದಿದ್ದವು. ಹಂದಿಗಳನ್ನು ಅದು ಮೊದಲಿನ ಹಾಗೆಯೇ ಕೊಂದಿತು. ಎರಡನೇ ವಂಶದ ವೈರಸ್ಸಿನಿಂದ ತಯಾರಿಸಿದ್ದ ಪ್ರಾಯೋಗಿಕ ಲಸಿಕೆಯೂ ಅದರೆದುರು ಕೆಲಸ ಮಾಡಲಿಲ್ಲ. ಮಂದ ತಳಿ ಸದ್ದಿಲ್ಲದೆ ಸುತ್ತಾಡದೇ ಇದ್ದರೆ ಈ ಬೆಸುಗೆಗೆ ಅವಕಾಶವೇ ಇರುತ್ತಿರಲಿಲ್ಲ. ವಿಯೆಟ್ನಾಂನಲ್ಲೂ ಇಂಥ ಮಿಶ್ರ ತಳಿ ಕಂಡುಬಂದಿದೆ. ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆಗೆ 2022ರಲ್ಲಿ ಅನುಮತಿ ಕೊಟ್ಟ ದೇಶ ಅದು.

ಹಾಗಾದರೆ ಹಂದಿಯನ್ನೇ ವಾರ್ಟ್‌ಹಾಗ್‌ನಂತೆ ಮಾಡಬಹುದೇ? ಎಡಿನ್‌ಬರೊದ ರೋಸ್ಲಿನ್ ಸಂಸ್ಥೆಯವರು ಪ್ರಯತ್ನಿಸಿದರು. ಉರಿಯೂತವನ್ನು ನಿಯಂತ್ರಿಸುವ ರೆಲಾ ಎಂಬ ಜೀನ್ ವಾರ್ಟ್‌ಹಾಗ್‌ನಲ್ಲಿ ತುಸು ಬೇರೆ. ಸಾಕುಹಂದಿಯ ಜೀನನ್ನು ಅದೇ ರೀತಿ ತಿದ್ದಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಂದಿಗಳು ಉಳಿಯಲಿಲ್ಲ. ಬಿಲದೊಳಗಿನ ಆ ಹೊಂದಾಣಿಕೆ ಒಂದು ಜೀನಿನಿಂದ ಆದದ್ದಲ್ಲ.

ಭಾರತಕ್ಕೆ ಇದು 2020ರ ಆರಂಭದಲ್ಲಿ ಅರುಣಾಚಲ, ಅಸ್ಸಾಂ ಮೂಲಕ ಬಂತು, ಎರಡನೇ ಜೀನೋಟೈಪ್. 2019ರ ಜಾನುವಾರು ಗಣತಿಯಂತೆ ದೇಶದ ಸುಮಾರು 90 ಲಕ್ಷ ಹಂದಿಗಳಲ್ಲಿ 21 ಲಕ್ಷ ಅಸ್ಸಾಂನಲ್ಲೇ ಇವೆ. ಅಲ್ಲಿ ಹಂದಿ ಎಂದರೆ ಹೆಣ್ಣುಮಕ್ಕಳ ಕೈಯಲ್ಲಿರುವ ಹಣ, ಮಗುವಿನ ಶಾಲೆ ಫೀಸು. ಮಾನಸ್ ಕಾಡಿನಲ್ಲಿ ಉಳಿದಿರುವ ಪುಟ್ಟ ಪಿಗ್ಮಿ ಹಂದಿಗಳಿಗೂ ಇದು ತಗಲಿದರೆ ಒಂದು ಪ್ರಾಣಿಜಾತಿಯೇ ಹೋದೀತೆಂಬ ಆತಂಕವಿದೆ. 2022ರ ಜುಲೈನಲ್ಲಿ ವಯನಾಡಿನ ಮಾನಂದವಾಡಿಯಲ್ಲಿ ರೋಗ ದೃಢಪಟ್ಟಿತು. ಅಲ್ಲಿಂದ ಕೊಡಗಿನ ಕುಟ್ಟಕ್ಕೆ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಪಂದಿಕರಿ ಮನೆಮನೆಯ ಅಡುಗೆಯಾಗಿರುವ, ಕಾಡುಹಂದಿಗಳು ಕಾಫಿ ತೋಟದೊಳಗೇ ಓಡಾಡುವ ಜಿಲ್ಲೆ ಅದು.

ನಮ್ಮಲ್ಲಿ ಅಧಿಕಾರಿಗಳು ಕೊಲ್ಲಿಸಿದ ಹಂದಿಗೆ ಪರಿಹಾರವಿದೆ, ರೋಗದಿಂದ ತಾನೇ ಸತ್ತದ್ದಕ್ಕೆ ಇಲ್ಲ. ಬೇಗ ಹೇಳಿಕೊಳ್ಳಲಿ ಎಂಬುದು ಇದರ ಉದ್ದೇಶವಿರಬಹುದು. ಆದರೆ ಹಣ ಕೈಸೇರುವುದು ತಡವಾದರೆ, ಜ್ವರ ಬಂದ ಹಂದಿಯನ್ನು ರಾತ್ರೋರಾತ್ರಿ ಮಾರುವುದೇ ಬಡವನಿಗೆ ಉಳಿಯುವ ದಾರಿ. ಅವನನ್ನು ನಾನು ದೂರಲಾರೆ. ಪರಿಹಾರದ ಹಣವನ್ನು ತಿಂಗಳೊಳಗೆ ಕೊಡುವುದನ್ನು ಕಲ್ಯಾಣ ಕಾರ್ಯಕ್ರಮವೆಂದಲ್ಲ, ವೈರಸ್ಸಿನ ವಿಕಾಸಕ್ಕೆ ಹಾಕುವ ಕಡಿವಾಣವೆಂದೇ ಲೆಕ್ಕ ಹಿಡಿಯಬೇಕು. ಪರೀಕ್ಷೆಯೂ ಬದಲಾಗಬೇಕು. ಜೀನೋಟೈಪ್ ನಿರ್ಧರಿಸಲು ಸಾಮಾನ್ಯವಾಗಿ ಓದುವುದು ಪಿ72 ಪ್ರೋಟೀನಿನ ಒಂದೇ ಜೀನನ್ನು. ಚೀನಾದ ಆ ಮಿಶ್ರ ವೈರಸ್ಸಿನಲ್ಲಿ ಈ ಜೀನ್ ಒಂದನೇ ವಂಶದ್ದು. ಅದೊಂದನ್ನೇ ನೋಡಿದ ಪ್ರಯೋಗಾಲಯ ಅದನ್ನು ಹಳೆಯ ಪೋರ್ಚುಗೀಸ್ ವಂಶವೆಂದು ಬರೆದುಕೊಳ್ಳುತ್ತದೆ. ಸತ್ತ ಹಂದಿಗಳ ಜೊತೆಗೆ, ಬರಿಯ ಕೀಲು ಊದಿದ, ಮೇವು ಬಿಟ್ಟ ಹಂದಿಗಳ ಮಾದರಿಯನ್ನೂ ತಂದು ಇಡೀ ಡಿಎನ್‌ಎಯನ್ನು ಓದಿದರಷ್ಟೇ ಇಲ್ಲಿ ಏನು ಸುತ್ತುತ್ತಿದೆ ಎಂದು ತಿಳಿದೀತು.