ವಾಕಡದ ಅತಿಥಿ ಕಂಡ ಪುಣೆ

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ವರ್ಷಕ್ಕೊಮ್ಮೆಯಾದರೂ ಊರಿನಿಂದ ಹಿರಿಯರು ಬಂದು ಕೆಲವು ದಿನ ಇದ್ದು ಹೋಗುವುದು ವಾಡಿಕೆ. ಪುಣೆಯ ವಾಕಡದಲ್ಲಿ ಈ ವಾಡಿಕೆಗೆ ವಿಶೇಷ ಅನುಕೂಲವೂ ಇದೆ. ಬೆಂಗಳೂರು–ಮುಂಬಯಿ ಹೆದ್ದಾರಿ ಈ ಬಡಾವಣೆಯನ್ನು ಹಾದೇ ಸಾಗುವುದರಿಂದ, ಸಂಜೆ ಕರ್ನಾಟಕದಲ್ಲಿ ಬಸ್ಸು ಹತ್ತಿದವರು ಬೆಳಗಿನ ಜಾವ ಇಲ್ಲಿಯ ಸೇತುವೆಯ ಬಳಿಯೇ ಇಳಿದುಕೊಳ್ಳಬಹುದು. ಬಂದವರಿಗೆ ಊರು ತೋರಿಸುವುದು ಮಕ್ಕಳ ಕರ್ತವ್ಯವೇ ಸರಿ. ಆದರೆ ವಾರದ ಐದು ದಿನ ಕಚೇರಿಯಲ್ಲಿ ಕಳೆಯುವ ಮಕ್ಕಳಿಗೆ ಸಿಕ್ಕುವುದು ಶನಿವಾರ, ಭಾನುವಾರಗಳು ಮಾತ್ರ. ಹೀಗಾಗಿ ಶನಿವಾರವಾಡೆ, ಪರ್ವತಿ, ಸಿಂಹಗಡಗಳನ್ನು ಒಂದರ ಹಿಂದೊಂದು ನೋಡಿ, ಛಾಯಾಚಿತ್ರ ತೆಗೆಸಿಕೊಂಡು, ಸುಸ್ತಾಗಿ ಮನೆ ಸೇರಿದರೆ ‘ಪುಣೆ ದರ್ಶನ’ ಮುಗಿದಂತೆಯೇ.

ಚಳಿಗಾಲದಲ್ಲಿ ಮಗನ ಮನೆಗೆಂದು ವಾಕಡಕ್ಕೆ ಬಂದ ಸೊರಬ ಸೀಮೆಯ ನಿವೃತ್ತ ಶಾಲಾ ಮೇಷ್ಟ್ರೊಬ್ಬರ ಪುಣೆ ದರ್ಶನವೂ ಹೀಗೆಯೇ ಆರಂಭವಾಯಿತು. ಆದರೆ ಅದು ಮುಗಿದ ಬಗೆ ಬೇರೆ. ಎಪ್ಪತ್ತಾರು ವರ್ಷದ ಈ ಹಿರಿಯರು ನೋಡಿದ ಸ್ಥಳಗಳನ್ನೆಲ್ಲ ಅಡಿಕೆ ಮಂಡಿಯಿಂದ ಬಂದ ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸದವರು. ಪತ್ನಿಗೆ ಮೊಣಕಾಲು ನೋವಾದ್ದರಿಂದ ಅವರು ಮನೆಯಲ್ಲಿಯೇ ಉಳಿದರು. ತಿರುಗಾಟಕ್ಕೆ ಹೊರಟವರು ತಂದೆ ಮತ್ತು ಮಗ ಇಬ್ಬರೇ.

ಹಳ್ಳಿಯ ಮೇಲೆ ಎದ್ದ ಊರು

ಮೊದಲ ದಿನಗಳಲ್ಲಿ ಮೇಷ್ಟ್ರ ಪಾಲಿಗೆ ಪುಣೆಯೆಂದರೆ ಹನ್ನೊಂದನೆಯ ಅಂತಸ್ತಿನ ಬಾಲ್ಕನಿಯಿಂದ ಕಾಣುವಷ್ಟೇ. ಒಂದು ಕಡೆ ಎಡೆಬಿಡದೆ ಹರಿಯುವ ಹೆದ್ದಾರಿಯ ವಾಹನಗಳು, ಇನ್ನೊಂದು ಕಡೆ ಹಿಂಜವಡಿಯ ತಂತ್ರಾಂಶ ಕಂಪನಿಗಳ ಗಾಜಿನ ಕಟ್ಟಡಗಳು. ಬೆಳಗಿನ ನಡಿಗೆಯಲ್ಲಿ ಮಾತ್ರ ಅವರಿಗೆ ಇನ್ನೊಂದು ವಾಕಡ ಕಂಡಿತು. ಮ್ಹಾತೋಬಾ ದೇವರ ಗುಡಿ, ಅದರ ಸುತ್ತ ಹಳೆಯ ಮನೆಗಳು, ಬಿಳಿ ಟೋಪಿ ಧರಿಸಿ ಕಟ್ಟೆಯ ಮೇಲೆ ಕುಳಿತ ವೃದ್ಧರು. ಈ ಎತ್ತರದ ಕಟ್ಟಡಗಳು ನಿಂತಿರುವುದು ಅವರ ಹೊಲಗಳಲ್ಲಿ ಎಂಬುದನ್ನು ಮೇಷ್ಟ್ರು ಹರಕುಮುರುಕು ಹಿಂದಿಯಲ್ಲಿಯೇ ಕೇಳಿ ತಿಳಿದುಕೊಂಡರು. ನಾಲ್ಕು ದಿನಗಳಲ್ಲಿ ಆ ಕಟ್ಟೆಯ ಮೇಲೆ ಅವರಿಗೂ ಒಂದು ಜಾಗ ದೊರೆಯಿತು.

ವಾಡೆ ಮತ್ತು ಅಡಕತ್ತರಿ

ಮೊದಲ ಶನಿವಾರ ಶನಿವಾರವಾಡೆಗೆ ಭೇಟಿ. 1730ರಲ್ಲಿ ಮೊದಲನೆಯ ಬಾಜೀರಾಯನು ಅಡಿಪಾಯ ಹಾಕಿದ ಈ ಅರಮನೆಯ ಒಳಭಾಗವು 1828ರ ಬೆಂಕಿಯಲ್ಲಿ ನಾಶವಾಯಿತು. ಇಂದು ಉಳಿದಿರುವುದು ಕೋಟೆ ಗೋಡೆಗಳು, ಮೊಳೆಗಳಿಂದ ಕೂಡಿದ ದಿಲ್ಲಿ ದರವಾಜೆ ಮತ್ತು ಕಟ್ಟಡಗಳ ತಳಪಾಯಗಳು ಮಾತ್ರ. ವೈಭವಕ್ಕಿಂತ ಅದರ ಅಭಾವವೇ ಇಲ್ಲಿ ಎದ್ದು ಕಾಣುತ್ತದೆ.

ಅಲ್ಲಿಂದ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ ಹೋದಾಗ ಮೇಷ್ಟ್ರ ಮುಖ ಅರಳಿತು. ದೀಪಗಳು, ಬಾಗಿಲುಗಳು, ವಾದ್ಯಗಳು, ಅಡುಗೆಮನೆಯ ಪಾತ್ರೆಗಳು ಹೀಗೆ 20,000ಕ್ಕೂ ಹೆಚ್ಚು ವಸ್ತುಗಳನ್ನು ಡಾ. ದಿ. ಗಂ. ಕೇಳ್ಕರರು ಒಂದೊಂದಾಗಿ ಕೂಡಿಹಾಕಿ, 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಅಡಕತ್ತರಿಗಳ ಕಪಾಟಿನೆದುರು ಅಡಿಕೆ ಸೀಮೆಯ ಅತಿಥಿ ಅರ್ಧ ಗಂಟೆ ನಿಂತರು. ಹಿತ್ತಾಳೆಯ ನವಿಲು, ಕುದುರೆ, ಹೆಣ್ಣುಗೊಂಬೆಗಳ ಆಕಾರದ ಅಡಕತ್ತರಿಗಳು! ಮರಾಠಿಯ ‘ಅಡಕಿತ್ತಾ’ ಎಂಬ ಮಾತು ಕನ್ನಡದಿಂದಲೇ ಹೋದುದೆಂದು ಮಗನಿಗೆ ವಿವರಿಸಿದರು. ಹೊರಬರುವಾಗ ಸಂಗ್ರಹಾಲಯದ ಹೆಸರಿನಲ್ಲಿರುವ ‘ರಾಜಾ’ ಯಾರೆಂದು ವಿಚಾರಿಸಿದರು. ಎಳೆವಯಸ್ಸಿನಲ್ಲಿಯೇ ತೀರಿಕೊಂಡ ಕೇಳ್ಕರರ ಮಗನ ಹೆಸರು ಅದೆಂದು ತಿಳಿದಾಗ ಸುಮ್ಮನಾದರು. ಅಂದು ಸಂಜೆಯವರೆಗೆ ಅವರು ಹೆಚ್ಚು ಮಾತನಾಡಲಿಲ್ಲ. ದಣಿವಿರಬೇಕೆಂದು ಮಗ ಭಾವಿಸಿದನು.

ಕಾರಣ ತಿಳಿಯದ ಕಾಲ

ಮರುದಿನ ಗಣೇಶಖಿಂಡಿನ ವಿಶ್ವವಿದ್ಯಾನಿಲಯಕ್ಕೆ ಹೋದರು. ವಾಕಡದಿಂದ ಪುಣೆ ನಗರಕ್ಕೆ ಹೋಗುವವರು ಈ ದ್ವಾರದ ಮುಂದೆ ದಿನನಿತ್ಯ ಹಾದುಹೋಗುತ್ತಾರೆ. ಒಳಗೆ ಹಳೆಯ ಮರಗಳ ನಡುವೆ ಎತ್ತರದ ಗೋಪುರವುಳ್ಳ ಭವ್ಯ ಕಟ್ಟಡವಿದೆ. ಮುಂಬಯಿ ಪ್ರಾಂತದ ಗವರ್ನರರ ನಿವಾಸವಾಗಿದ್ದ ಇದು 1949ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯದ ಮುಖ್ಯ ಕಟ್ಟಡವಾಯಿತು.

1897ರಲ್ಲಿ ಪುಣೆಯನ್ನು ಪ್ಲೇಗು ಆವರಿಸಿತ್ತು. ರೋಗ ಹರಡುವ ಬಗೆ ಆಗ ಯಾರಿಗೂ ತಿಳಿದಿರಲಿಲ್ಲ. ಪ್ಲೇಗು ಸಮಿತಿಯ ಅಧ್ಯಕ್ಷ ರ‍್ಯಾಂಡ್ ಎಂಬ ಅಧಿಕಾರಿಯ ಆಜ್ಞೆಯಂತೆ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಎಳೆದೊಯ್ದರು, ಸಾಮಾನುಗಳನ್ನು ಸುಟ್ಟರು. ಜೂನ್ 22ರ ರಾತ್ರಿ ಈ ಗವರ್ನರರ ನಿವಾಸದಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಮಾರಂಭ ಮುಗಿಸಿ ಹೊರಟ ರ‍್ಯಾಂಡನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಅವರು ವಾಕಡದ ನೆರೆಯ ಚಿಂಚವಾಡದವರು. ಅದೇ ವರ್ಷದ ಮಾರ್ಚ್ 10ರಂದು ಸಾವಿತ್ರಿಬಾಯಿ ಫುಲೆಯವರು ಪ್ಲೇಗು ತಗುಲಿದ ಬಾಲಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗನ ಚಿಕಿತ್ಸಾಲಯಕ್ಕೆ ಸೇರಿಸಿ, ತಾವೇ ಆ ರೋಗಕ್ಕೆ ಬಲಿಯಾಗಿದ್ದರು. 2014ರಿಂದ ಈ ವಿಶ್ವವಿದ್ಯಾನಿಲಯಕ್ಕೆ ಅವರದೇ ಹೆಸರು.

ಇಲಿಯ ಮೈಮೇಲಿನ ಚಿಗಟವೇ ಪ್ಲೇಗಿನ ವಾಹಕವೆಂದು ಫ್ರಾನ್ಸಿನ ಸೀಮೋನ್ ಎಂಬ ವೈದ್ಯನು ತೋರಿಸಿದ್ದು ಮರುವರ್ಷ, 1898ರಲ್ಲಿ. ಆ ವೇಳೆಗೆ ಪ್ಲೇಗು ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳನ್ನೂ ಮುಟ್ಟಿತ್ತು. ಜನರು ಊರು ತೊರೆದು ಬಯಲಿನ ಗುಡಿಸಲುಗಳಲ್ಲಿ ವಾಸಿಸಿದರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಕಾರಣ ತಿಳಿಯದಾಗ ಸರ್ಕಾರ ಜನರನ್ನು ದೂಷಿಸುತ್ತದೆ, ಜನ ದೈವವನ್ನು ದೂಷಿಸುತ್ತಾರೆ, ಕೆಲವರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಮೇಷ್ಟ್ರು ಅಂದು ಡೈರಿಯಲ್ಲಿ ಬರೆದದ್ದು ಹೆಚ್ಚುಕಡಿಮೆ ಇದೇ ಮಾತು.

ವಿಮಾನದಲ್ಲಿ ಬಂದ ಮದ್ದು

ಎರಡನೆಯ ಶನಿವಾರದ ಪ್ರಯಾಣ ಪಿಂಪರಿಯ ಮಾರ್ಗವಾಗಿ ಸಾಗಿತು. ದಾರಿಯಲ್ಲಿ ಹಿಂದುಸ್ತಾನ್ ಆ್ಯಂಟಿಬಯೊಟಿಕ್ಸ್ ಕಾರ್ಖಾನೆಯ ವಿಸ್ತಾರವಾದ ಆವರಣವನ್ನು ಮಗನು ಕಾರಿನಿಂದಲೇ ತೋರಿಸಿದನು. ಮೇಷ್ಟ್ರು ಹೆಸರು ಬರೆದುಕೊಂಡರು, ಅಷ್ಟೆ. ಅದರ ಮಹತ್ವ ತಿಳಿದದ್ದು ಆಗಾಖಾನ್ ಅರಮನೆಯಲ್ಲಿ.

1892ರಲ್ಲಿ ಮೂರನೆಯ ಆಗಾಖಾನರು ಬರಪೀಡಿತರಿಗೆ ಕೆಲಸ ಒದಗಿಸಲೆಂದು ಕಟ್ಟಿಸಿದ ಈ ಅರಮನೆ, 1942ರ ಆಗಸ್ಟಿನಿಂದ 1944ರ ಮೇ ತಿಂಗಳವರೆಗೆ ಗಾಂಧೀಜಿಯವರ ಸೆರೆಮನೆಯಾಗಿತ್ತು. ಸೆರೆಯಾದ ಆರೇ ದಿನಗಳಲ್ಲಿ ಮಹಾದೇವ ದೇಸಾಯಿಯವರು ಇಲ್ಲಿ ತೀರಿಕೊಂಡರು. 1944ರ ಫೆಬ್ರವರಿ 22ರಂದು ಕಸ್ತೂರಬಾ ಅವರು ಗಾಂಧೀಜಿಯವರ ತೊಡೆಯ ಮೇಲೆ ಕಣ್ಣುಮುಚ್ಚಿದರು. ಇಬ್ಬರ ಸಮಾಧಿಗಳೂ ಆವರಣದಲ್ಲಿವೆ. ಕಸ್ತೂರಬಾ ಅವರ ಕೊನೆಯ ದಿನ, ಆಗಿನ್ನೂ ದುರ್ಲಭವಾಗಿದ್ದ ಪೆನಿಸಿಲಿನ್ ಮದ್ದನ್ನು ವಿಮಾನದಲ್ಲಿ ತರಿಸಲಾಗಿತ್ತು. ಅದನ್ನು ಕೆಲವು ಗಂಟೆಗಳಿಗೊಮ್ಮೆ ಸೂಜಿಯಿಂದ ಚುಚ್ಚಬೇಕೆಂದು ತಿಳಿದಾಗ, ಸಾವಿನ ಅಂಚಿನಲ್ಲಿರುವ ತಾಯಿಯನ್ನು ಇನ್ನು ನೋಯಿಸುವುದು ಬೇಡವೆಂದು ಗಾಂಧೀಜಿ ಮಗ ದೇವದಾಸರಿಗೆ ತಿಳಿಹೇಳಿದರು. ಮದ್ದು ಬಳಕೆಯಾಗಲಿಲ್ಲ.

ಇದಾದ ಹತ್ತೇ ವರ್ಷಗಳಲ್ಲಿ, 1954ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಪಿಂಪರಿಯ ಕಾರ್ಖಾನೆ ಸ್ಥಾಪನೆಯಾಯಿತು. 1955ರಲ್ಲಿ ಅಲ್ಲಿ ಪೆನಿಸಿಲಿನ್ ತಯಾರಿಕೆ ಆರಂಭವಾಯಿತು. ಹಿಂದೆ ಬೆಂಗಳೂರಿನಲ್ಲಿ ಶಿಲೀಂಧ್ರಗಳ ಸಂಶೋಧನೆ ನಡೆಸಿದ್ದ ಡಾ. ಎಂ. ಜೆ. ತಿರುಮಲಾಚಾರ್ ಅವರು ಇಲ್ಲಿಗೆ ಬಂದು, ಶಿಲೀಂಧ್ರ ರೋಗಗಳಿಗೆ ಮದ್ದಾದ ಹ್ಯಾಮೈಸಿನ್ ಶೋಧನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಈ ಸರ್ಕಾರಿ ಕಾರ್ಖಾನೆ ಮುಂದೆ ನಷ್ಟದ ಹಾದಿ ಹಿಡಿದದ್ದು ನಿಜ. ಆದರೆ ವಿಮಾನದಲ್ಲಿ ಬರಬೇಕಾಗಿದ್ದ ಮದ್ದನ್ನು ತಾಲೂಕು ಆಸ್ಪತ್ರೆಯ ಕಪಾಟಿಗೆ ತಲುಪಿಸಿದ ಲಾಭವು ಯಾವ ಲೆಕ್ಕಪತ್ರದ ಜಮಾ ಬದಿಯಲ್ಲೂ ಕಾಣುವಂತಹುದಲ್ಲ.

ನೋಟಗಳ ಪಟ್ಟಿಯಲ್ಲಿಲ್ಲದ ದ್ವಾರ

ಮಧ್ಯಾಹ್ನ ರೈಲು ನಿಲ್ದಾಣದ ಬಳಿಯ ಸಸೂನ್ ಆಸ್ಪತ್ರೆಯನ್ನು ಹೊರಗಿನಿಂದ ನೋಡಿದರು. ಯರವಡಾ ಸೆರೆಮನೆಯಿಂದ ಕರೆತರಲಾಗಿದ್ದ ಗಾಂಧೀಜಿಗೆ 1924ರ ಜನವರಿ 12ರ ರಾತ್ರಿ ಇಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ನಡೆಯಿತು. ನಡುವೆ ವಿದ್ಯುದ್ದೀಪ ಆರಿಹೋಗಿ, ಲಾಟೀನಿನ ಬೆಳಕಿನಲ್ಲಿ ಕರ್ನಲ್ ಮ್ಯಾಡಕ್ ಅದನ್ನು ಮುಗಿಸಿದರು.

ಅಲ್ಲಿಂದ ಹೊರಟ ಕಾರು ಡಾ. ಅಂಬೇಡ್ಕರ್ ರಸ್ತೆಗೆ ಬಂದಾಗ ಮೇಷ್ಟ್ರು ಒಂದು ದ್ವಾರದ ಫಲಕವನ್ನು ಓದಿ, ಕಾರು ನಿಲ್ಲಿಸಲು ಹೇಳಿದರು. ‘ರಾಷ್ಟ್ರೀಯ ವಿಷಾಣು ವಿಜ್ಞಾನ ಸಂಸ್ಥೆ’ ಎಂದು ಅಲ್ಲಿ ಬರೆದಿತ್ತು.

“ಅಪ್ಪಾ, ಇಲ್ಲಿ ನಿಲ್ಲಿಸೋ ಹಾಗಿಲ್ಲ. ಒಳಗೂ ಬಿಡೋದಿಲ್ಲ,” ಎಂದನು ಮಗ.

“ಒಳಗೆ ಹೋಗೋದು ಬೇಡ ಮಾರಾಯ. ಒಂದು ನಿಮಿಷ ನಿಲ್ಸು.”

ಸ್ವಲ್ಪ ಮುಂದೆ ಕಾರು ನಿಂತಿತು. ತಂದೆ ಹೇಳಿದ್ದನ್ನು ಮಗ ಅಂದೇ ಮೊದಲು ಕೇಳಿದನು. ಅವನಿಗೆ ಒಬ್ಬ ದೊಡ್ಡಪ್ಪ ಇದ್ದನು. 1957ರ ಬೇಸಿಗೆಯಲ್ಲಿ ಅವನ ವಯಸ್ಸು ಹದಿನಾರು. ತಾಯಿ ದರಗು ತರಲು ಕಾಡಿಗೆ ಕಳುಹಿಸಿದ್ದಳು. ಆ ವರ್ಷ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಹುಡುಗನಿಗೆ ತೀವ್ರ ಜ್ವರ ಬಂದು, ಮೂಗಿನಲ್ಲಿ ರಕ್ತ ಸುರಿದು, ಹತ್ತು ದಿನಗಳಲ್ಲಿ ತೀರಿಹೋದನು. ಅವನು ಮಂಗನಿಗೆ ಕಲ್ಲು ಹೊಡೆದಿರಬೇಕು, ಅದಕ್ಕೇ ಹನುಮಂತನ ಶಾಪ ತಗುಲಿತೆಂದು ಊರಿನವರು ಆಡಿಕೊಂಡರು. ತಾಯಿಯು ಕಾಡಿಗೆ ಕಳುಹಿಸಿದ ತಪ್ಪು ತನ್ನದೆಂದು ಕೊನೆಯವರೆಗೂ ಶನಿವಾರದ ಉಪವಾಸ ಬಿಡಲಿಲ್ಲ. ಮನೆಯಲ್ಲಿ ಆ ಹುಡುಗನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಆ ಹೊತ್ತಿಗೆ ಸೊರಬದ ಕ್ಯಾಸನೂರು ಕಾಡಿಗೆ ಬಂದ ವಿಜ್ಞಾನಿಗಳು ಹೊರಟದ್ದು ಪುಣೆಯ ಇದೇ ಸಂಸ್ಥೆಯಿಂದ. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಆರಂಭಿಸಿದ ಇದಕ್ಕೆ ಆಗ ‘ವೈರಸ್ ಸಂಶೋಧನಾ ಕೇಂದ್ರ’ ಎಂದು ಹೆಸರಿತ್ತು, ಡಾ. ಟೆಲ್ಫರ್ಡ್ ವರ್ಕ್ ಅದರ ನಿರ್ದೇಶಕರಾಗಿದ್ದರು. ಮಂಗಗಳ ಸಾವನ್ನು ಕಂಡು, ಏಷ್ಯಾದಲ್ಲಿ ಎಂದೂ ಕಾಣಿಸದ ಹಳದಿ ಜ್ವರವೇ ಬಂದಿತೇ ಎಂಬ ಆತಂಕ ಹುಟ್ಟಿತ್ತು. ಆದರೆ ದೊರೆತದ್ದು ಅದುವರೆಗೆ ಜಗತ್ತು ಅರಿಯದ ಹೊಸ ವೈರಸ್. ಅದನ್ನು ಮನುಷ್ಯನಿಗೆ ಅಂಟಿಸುವುದು ಕಾಡಿನ ಉಣುಗು ಎಂಬುದೂ ತಿಳಿದುಬಂತು. ಇಂದು ವೈದ್ಯಗ್ರಂಥಗಳಲ್ಲಿ ಆ ರೋಗದ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ಮಲೆನಾಡಿನವರಿಗೆ ಅದು ಮಂಗನ ಕಾಯಿಲೆ. 1978ರಲ್ಲಿ ಈಗಿನ ಹೆಸರು ಪಡೆದ ಇದೇ ಸಂಸ್ಥೆ 2020ರಲ್ಲಿ ಕೊರೋನಾ ವೈರಸ್ಸನ್ನೂ ಪ್ರತ್ಯೇಕಿಸಿತು.

ದರಗಿನಲ್ಲಿ ಅಡಗಿರುವ ಉಣುಗು ಕಚ್ಚಿದ್ದಕ್ಕೆ ಕಲ್ಲು ಹೊಡೆದ ಪಾಪವಾಗಲಿ, ಕಾಡಿಗೆ ಕಳುಹಿಸಿದ ತಪ್ಪಾಗಲಿ ಕಾರಣವಲ್ಲ. ಮೇಷ್ಟ್ರು ಇದನ್ನು ಶಾಲೆಯಲ್ಲಿ ನೂರಾರು ಮಕ್ಕಳಿಗೆ ಪಾಠ ಹೇಳಿದ್ದರು. ತಾಯಿಗೂ ಅನೇಕ ಸಲ ಹೇಳಿದ್ದರು, ಅವಳು ನಂಬಲಿಲ್ಲ. ಮಗನಿಗೆ ಮಾತ್ರ ಹೇಳಿರಲಿಲ್ಲ. ಅಂದು ರಾತ್ರಿ ಮನೆಯಲ್ಲಿ ಮೊಮ್ಮಗಳು ಕೇಳಿದಾಗ ಆ ಹುಡುಗನ ಹೆಸರನ್ನು ಹೇಳಿ, ಅವನು ಮರ ಹತ್ತುವುದರಲ್ಲಿ ಎಷ್ಟು ಜಾಣನಾಗಿದ್ದನೆಂದು ವರ್ಣಿಸಿದರು.

ಓದುಗರ ಗಮನಕ್ಕೆ

ಮಂಗನ ಕಾಯಿಲೆ ಇಂದಿಗೂ ಅಳಿದಿಲ್ಲ. ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಹಿಂದೆ ನೀಡುತ್ತಿದ್ದ ಲಸಿಕೆ ಸಾಕಷ್ಟು ಫಲಕಾರಿಯಾಗಿಲ್ಲವೆಂದು ಅದನ್ನು ನಿಲ್ಲಿಸಲಾಗಿದ್ದು, ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ರಜೆಗೆಂದು ಮಲೆನಾಡಿಗೆ ಹೋಗುವವರು ಕಾಡಿಗೆ ಹೋಗುವ ಮೊದಲು ಮೈ ತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಉಣುಗು ನಿವಾರಕ ತೈಲವನ್ನು ಹಚ್ಚಿಕೊಳ್ಳಬೇಕು. ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಜ್ವರ, ತಲೆನೋವು, ತೀವ್ರ ಮೈಕೈ ನೋವು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಗೆ ಹೇಳಬೇಕು. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲವಾದ್ದರಿಂದ ರೋಗಿಯನ್ನು ದೂರ ಇಡಬೇಕಾಗಿಲ್ಲ.

ಹಿರಿಯರಿಗೆ ಪುಣೆ ತೋರಿಸುವವರು ದಿನಕ್ಕೆ ಎರಡು ಸ್ಥಳಗಳಿಗಿಂತ ಹೆಚ್ಚು ಇಟ್ಟುಕೊಳ್ಳದಿರುವುದು ಲೇಸು. ಮೆಟ್ಟಿಲುಗಳ ಪರ್ವತಿಗೆ ಬೆಳಗಿನ ಹೊತ್ತೇ ಹಿತ. ಮಧ್ಯಾಹ್ನದ ಊಟ ಹಾಗೂ ಔಷಧಿಯ ವೇಳೆ ತಪ್ಪಬಾರದು. ಅವರು ಎಲ್ಲಿಯಾದರೂ ಕಾರು ನಿಲ್ಲಿಸೆಂದು ಹೇಳಿದರೆ ಗಡಿಯಾರ ನೋಡದೆ ನಿಲ್ಲಿಸಬೇಕು.

ಊರಿಗೆ ಹೊರಡುವ ಮುನ್ನಾದಿನ ಸೊಸೆ ಕೇಳಿದಳು: “ಮಾವ, ಸಿಂಹಗಡ ನೋಡೋದು ಉಳಿದೇಹೋಯ್ತಲ್ಲ?” ಮುಂದಿನ ಚಳಿಗಾಲಕ್ಕೆ ಬಂದಾಗ ನೋಡಿದರಾಯಿತೆಂದು ಮೇಷ್ಟ್ರು ನಕ್ಕರು. ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಮ್ಹಾತೋಬಾ ಗುಡಿಯ ಕಟ್ಟೆಯ ಗೆಳೆಯರಿಗೆ ಹೇಳಿಬರಲು ಹೊರಟರು.