ದೂರದ ವಿಮಾನಯಾನ: ಕಾಲುಗಳಿಗೂ ಗುಳಿಗೆಗಳಿಗೂ ಲೆಕ್ಕವಿರಲಿ

ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡಲೆಂದೋ ಅಮೆರಿಕಕ್ಕೆ ಹೊರಡುವ ತಂದೆತಾಯಂದಿರು ನಮ್ಮಲ್ಲಿ ಈಗ ಬಹಳ. ವೀಸಾ, ಸ್ವೆಟರು, ಚಟ್ನಿಪುಡಿ ಎಲ್ಲದರ ಬಗ್ಗೆಯೂ ವಿಚಾರಿಸುವ ಇವರು ಒಂದನ್ನು ಮಾತ್ರ ಕೇಳುವುದಿಲ್ಲ: ನಾವು ಒಟ್ಟು ಎಷ್ಟು ಗಂಟೆ ಕೂತೇ ಇರುತ್ತೇವೆ?

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಆಕಾಶಮಾರ್ಗದಲ್ಲಿ ಸುಮಾರು 14,000 ಕಿಲೋಮೀಟರ್ ದೂರ. 2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿತು. ಅಷ್ಟು ದೂರಕ್ಕೆ ಸುಮಾರು 17 ಗಂಟೆ ಬೇಕು. ಟಿಕೆಟ್ಟಿನಲ್ಲಿ ಹೊರಡುವ, ಇಳಿಯುವ ವೇಳೆಯನ್ನಷ್ಟೇ ನೋಡಿದರೆ ಇದು ತಿಳಿಯುವುದಿಲ್ಲ. ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದವರು ಅಲ್ಲಿ ಇಳಿಯುವುದು ಅದೇ ದಿನ ಸಂಜೆ 5.30ಕ್ಕೆ! ಗಡಿಯಾರಕ್ಕೆ ಮೂರೂವರೆ ಗಂಟೆ. ನಿಮ್ಮ ದೇಹಕ್ಕೆ ಹದಿನೇಳು.

ಕಾಲಿನಲ್ಲಿ ಆಗುವುದೇನು?

ಕಾಲಿನ ರಕ್ತ ಹೃದಯಕ್ಕೆ ಮೇಲೇರಲು ಮೀನಖಂಡದ ಸ್ನಾಯುಗಳು ಪಂಪಿನಂತೆ ನೆರವಾಗುತ್ತವೆ. ನಡೆದಾಗ ಮಾತ್ರ ಈ ಪಂಪು ಚೆನ್ನಾಗಿ ಕೆಲಸ ಮಾಡುತ್ತದೆ. ಮೊಣಕಾಲು ಮಡಿಸಿ ಗಂಟೆಗಟ್ಟಲೆ ಕೂತರೆ ರಕ್ತದ ಹರಿವು ನಿಧಾನವಾಗಿ, ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ.

ಹೆದರಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆದರೂ ಅದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಪ್ರಯಾಣ ಉದ್ದವಾದಷ್ಟೂ, ಬೆನ್ನುಬೆನ್ನಿಗೆ ವಿಮಾನಗಳನ್ನು ಹತ್ತಿದಷ್ಟೂ ಅಪಾಯ ಏರುತ್ತದೆ. ಆದ್ದರಿಂದ ಫ್ರಾಂಕ್‌ಫರ್ಟ್‌ನಂಥ ಕಡೆ ವಿಮಾನ ಬದಲಿಸುವವರು ಎರಡೂ ಪ್ರಯಾಣದ ಗಂಟೆಗಳನ್ನು ಕೂಡಿಸಿಕೊಳ್ಳಬೇಕು. ನಡುವಿನ ಬಿಡುವನ್ನು ಕುರ್ಚಿಯಲ್ಲಿ ಕಳೆಯದೆ ನಡೆದಾಡಿ.

ವಿಮಾನದಲ್ಲಿ ನೀವು ಮಾಡಬೇಕಾದ್ದು

ನಡುದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ. ಎಚ್ಚರವಿದ್ದಾಗ ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ಹಾಕಿ. ಕೂತಲ್ಲೇ ಹಿಮ್ಮಡಿಯನ್ನೂ ಬೆರಳುಗಳನ್ನೂ ಸರದಿಯಂತೆ ಎತ್ತಿ ಇಳಿಸಿ. ಒಳಗಿನ ಗಾಳಿ ಬಹಳ ಒಣ. ಶೌಚಾಲಯಕ್ಕೆ ಏಳಬೇಕಾದೀತೆಂದು ನೀರು ಬಿಡಬೇಡಿ. ಮದ್ಯವೂ ನಿದ್ರೆಮಾತ್ರೆಯೂ ನಿಮ್ಮನ್ನು ಅಲುಗಾಡದಂತೆ ಮಲಗಿಸುತ್ತವೆ, ಬೇಡ.

ಹಿಂದೆ ಹೆಪ್ಪುಗಟ್ಟಿದ ತೊಂದರೆಯಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರು, ಬಾಣಂತಿಯರು, ಗರ್ಭನಿರೋಧಕ ಮಾತ್ರೆ ಸೇವಿಸುವವರು ಹೊರಡುವ ಮುನ್ನ ವೈದ್ಯರನ್ನು ಕಾಣಬೇಕು. ಬಿಗಿ ಕಾಲುಚೀಲವೋ ಔಷಧಿಯೋ ಬೇಕಾಗಬಹುದು. ನೀವಾಗಿಯೇ ಆಸ್ಪಿರಿನ್ ನುಂಗಬೇಡಿ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು, ಎಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತಂತೆ. ಹೃದಯ, ಶ್ವಾಸಕೋಶದ ಕಾಯಿಲೆ ಇರುವವರೂ ಸಲಹೆ ಪಡೆಯಲಿ.

ಗುಳಿಗೆಯ ಗಡಿಯಾರ

ಸಕ್ಕರೆ ಕಾಯಿಲೆಯವರು ಒಂದು ಕೈಗಡಿಯಾರವನ್ನು ಊರು ತಲುಪುವವರೆಗೂ ಭಾರತದ ವೇಳೆಯಲ್ಲೇ ಇಟ್ಟುಕೊಳ್ಳಲಿ. ಹೋಗುವಾಗ ದಿನ ಉದ್ದವಾಗುತ್ತದೆ, ಬರುವಾಗ ಗಿಡ್ಡವಾಗುತ್ತದೆ. ಇನ್ಸುಲಿನ್ನಿನ ಪ್ರಮಾಣ ಅದಕ್ಕೆ ತಕ್ಕಂತೆ ಬದಲಾಗಬೇಕಾಗಬಹುದು; ಎರಡು ದಿಕ್ಕಿನ ವೇಳಾಪಟ್ಟಿಯನ್ನೂ ವೈದ್ಯರಿಂದ ಬರೆಸಿಕೊಳ್ಳಿ. ಇನ್ಸುಲಿನ್, ಮಾತ್ರೆ, ಚೀಟಿ ಕೈಚೀಲದಲ್ಲೇ ಇರಲಿ. ಸಾಮಾನಿನ ಪೆಟ್ಟಿಗೆ ಬೇರೆ ಊರಿಗೆ ಹೋದೀತು. ಸಾಮಾನಿನ ಅಂಕಣದ ಚಳಿಗೆ ಇನ್ಸುಲಿನ್ ಕೆಟ್ಟೀತು.

ತಲುಪಿದ ಮೇಲೆ ಎರಡೂ ಪಾದ ಸ್ವಲ್ಪ ಊದಿಕೊಂಡರೆ ಸಾಮಾನ್ಯ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು ಇವು ಸಾಮಾನ್ಯವಲ್ಲ. ಪ್ರಯಾಣ ಮುಗಿದು ಕೆಲವು ವಾರಗಳ ನಂತರವೂ ಇವು ಕಾಣಿಸಿಕೊಳ್ಳಬಹುದು. "ಆಯಾಸ, ಮಲಗಿದರೆ ಸರಿಹೋಗುತ್ತದೆ" ಎನ್ನದೆ, ಮಕ್ಕಳಿಗೆ ತೊಂದರೆಯಾದೀತೆಂದು ಸಂಕೋಚ ಪಡದೆ, ತಕ್ಷಣ ಆಸ್ಪತ್ರೆಗೆ ಹೋಗಿ. ಎಷ್ಟು ಗಂಟೆ ವಿಮಾನದಲ್ಲಿದ್ದಿರೆಂಬುದನ್ನೂ ಅಲ್ಲಿನ ವೈದ್ಯರಿಗೆ ಹೇಳಿ.